ಕಡಲ ಗಾಳಿಗೆ ಬಾವಿಯ ದಾರಿ

ಜನವರಿ 10, ಶುಕ್ರವಾರ

ಈ ವರ್ಷ ದಿನಚರಿ ಬರೆಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಇವತ್ತಿನದನ್ನು ಯಾರಿಗೂ ಹೇಳುವ ಹಾಗಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ.

ನಮ್ಮೂರು ಕುರುಗೋಡಿನ ಗುಡ್ಡದ ಆಚೆ ನಮ್ಮ ಕಂಪನಿಯ ಗಾಳಿಯಂತ್ರಗಳಿವೆ. ಸುತ್ತಲ ಊರವರು ಅವನ್ನು ಫ್ಯಾನು ಅನ್ನುತ್ತಾರೆ. ಫ್ಯಾನು ಕೆಟ್ಟರೆ ಕಂಬದೊಳಗಿನ ಏಣಿ ಹತ್ತಿ ಮೇಲೆ ಹೋಗಿ ರಿಪೇರಿ ಮಾಡುವುದು ನನ್ನ ಕೆಲಸ. ಇವತ್ತು ಎಣ್ಣೆ ಬದಲಾಯಿಸಿ ಇಳಿದು ಬರುವಷ್ಟರಲ್ಲಿ ಸೈಟ್ ಮ್ಯಾನೇಜರ್ ಪ್ರದೀಪ ಸರ್ ಎಲ್ಲರನ್ನೂ ಶೆಡ್ಡಿನಲ್ಲಿ ಕೂರಿಸಿಕೊಂಡಿದ್ದರು. ಕಂಪನಿ ಕಡಲಿಗೆ ಹೋಗುತ್ತಿದೆಯಂತೆ!

"ನೆಲದ ಮ್ಯಾಲಿನ ಗಾಳಿ ಗುಡ್ಡಕ್ಕ ಬಡದು, ಗಿಡಕ್ಕ ಬಡದು ಮುರದು ಹೋಗತೈತಿ. ಕಡಲಿನ ಮ್ಯಾಲೆ ಅದನ್ನ ತಡಿಯೋರು ಯಾರೂ ಇಲ್ಲ," ಅಂದರು ಸರ್. ತೂತ್ತುಕುಡಿಯ ದಂಡೆಯಿಂದ ಕಡಲೊಳಗೆ, ನೀರಿನ ನಡುವೆ ಒಂದು ಉಕ್ಕಿನ ಕಂಬ ನಿಲ್ಲಿಸಿದ್ದಾರೆ. ಮೊದಲು ಅದರ ತುದಿಯಲ್ಲಿ ಗಾಳಿ ಅಳೆಯುವ ಯಂತ್ರ ಕೂರಿಸಬೇಕು. ಅಳತೆ ಚೆನ್ನಾಗಿ ಬಂದರೆ ಅಲ್ಲಿ ಫ್ಯಾನುಗಳ ಸಾಲೇ ಏಳುತ್ತದೆ. ಎತ್ತರ ಹತ್ತಿ ರೂಢಿಯಿದ್ದವರು ಬೇಕು.

ಎಲ್ಲರಿಗಿಂತ ಮೊದಲು ನಾನು ಕೈ ಎತ್ತಿದೆ. ಆಮೇಲೆ ಸರ್ ಹೇಳಿದರು, ಈಜು ಬರಬೇಕು, ಚೆನ್ನೈ ಹತ್ತಿರ ತರಬೇತಿ ಕೊಟ್ಟು ನೀರಿನೊಳಗೇ ಪರೀಕ್ಷೆ ಮಾಡುತ್ತಾರೆ ಅಂತ.

"ನೇತ್ರಾ, ನಿಮಗ ಈಜು ಬರತೈತೇನು?"

"ಬರತೈತ್ರಿ ಸರ್."

ಬರುವುದಿಲ್ಲ. ಮೊಣಕಾಲು ಮುಳುಗುವಷ್ಟು ನೀರಿಗೆ ನಾನು ಈವರೆಗೆ ಇಳಿದಿಲ್ಲ. ನಮ್ಮ ಓಣಿಯಲ್ಲಿ ಯಾರೂ ಇಳಿದವರಿಲ್ಲ.

ಜನವರಿ 12, ಭಾನುವಾರ

ಕಂಟೋನ್ಮೆಂಟಿನ ಈ ಬಾಡಿಗೆ ಕೋಣೆಗೆ ಬಂದು ಮೂರು ವಾರವಾಯಿತು. ಮನೆಯೊಡತಿ ಒಳ್ಳೆಯವರೇ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಕೊಟ್ಟು, "ಕುರುಗೋಡ್ನ್ಯಾಗ ನಿಮ್ಮನಿ ಎಲ್ಲಿ ಬರತೈತಮ್ಮ?" ಅಂತ ಕೇಳಿದರು. ಬಸ್ ಸ್ಟ್ಯಾಂಡಿನ ಹತ್ತಿರ ಅಂದೆ. ಅದೇನೂ ಸುಳ್ಳಲ್ಲ, ಕುರುಗೋಡಿನಲ್ಲಿ ಎಲ್ಲವೂ ಬಸ್ ಸ್ಟ್ಯಾಂಡಿನ ಹತ್ತಿರವೇ. ಅಪ್ಪ ಕೊಟ್ಟ ಬಾಬಾಸಾಹೇಬರ ಫೋಟೋ ಇನ್ನೂ ಟ್ರಂಕಿನಲ್ಲೇ ಇದೆ. ಗೋಡೆ ಹಳೆಯದು, ಮೊಳೆ ಹೊಡೆದರೆ ಸುಣ್ಣ ಉದುರುತ್ತದೆ.

ಹತ್ತಿರದ ಒಂದು ಖಾಸಗಿ ಈಜುಕೊಳಕ್ಕೆ ಸೇರಿಕೊಂಡೆ. ಕಂಬಿ ಹಿಡಿದು ನಿಂತೆ. ನೀರು ಎದೆಗೆ ಬಂತು. ಕಲಿಸುವ ಹುಡುಗಿ ಕೈ ಬಿಡಿ ಅಂದಳು, ಬಿಡಲಾಗಲಿಲ್ಲ. ಅವಳೇ ಬಿಡಿಸಲು ಬಂದಾಗ ಕಿರುಚಿದೆ. ಪಕ್ಕದಲ್ಲಿ ಪುಟ್ಟ ಮಕ್ಕಳು ಕಪ್ಪೆಗಳ ಹಾಗೆ ನೀರಿಗೆ ಬೀಳುತ್ತಿದ್ದವು. ನನ್ನನ್ನು ನೋಡಿ ನಕ್ಕವು.

ಮೋಡ ಕಂಬಕ್ಕೆ ಒರಗುವ ದಿನವೂ ತುದಿಗೆ ಹತ್ತಿ ನಿಂತವಳು ನಾನು. ಹೆದರುವವಳಲ್ಲ. ಇದು ಬರೀ ರೂಢಿಯಿಲ್ಲದ್ದು.

ಜನವರಿ 15, ಬುಧವಾರ

ಇವತ್ತೂ ಅದೇ. ಹುಡುಗಿ ದುಡ್ಡು ವಾಪಸ್ ಕೊಡುತ್ತೇನೆ ಅಂದಳು.

ಜನವರಿ 19, ಭಾನುವಾರ

ಬ್ರೂಸ್‌ಪೇಟೆಯಲ್ಲಿ ಅವ್ವನಿಗೆ ಸೀರೆಯ ಫಾಲ್ ಕೊಳ್ಳುತ್ತಿದ್ದೆ. ಹಿಂದಿನಿಂದ ಯಾರೋ, "ಲೇ, ಹೈಜಂಪ್ ನೇತ್ರಾ!" ಅಂತ ಕೂಗಿದರು. ಇಡೀ ಅಂಗಡಿ ತಿರುಗಿ ನೋಡಿತು. ಹೈಸ್ಕೂಲಿನ ಪಿ.ಟಿ. ಟೀಚರ್ ಸರೋಜಾ ಮೇಡಮ್! ನಿವೃತ್ತಿಯಾಗಿ ಈಗ ಸಿರುಗುಪ್ಪದ ಹತ್ತಿರ ಗಂಡನ ಊರಿನಲ್ಲಿದ್ದಾರೆ. ಗಂಡ ತೀರಿಕೊಂಡು ವರ್ಷಗಳಾದವು. ಕೂದಲು ಬೆಳ್ಳಗಾಗಿದೆ, ದನಿ ಮಾತ್ರ ಗ್ರೌಂಡಿನಲ್ಲಿ ಕೇಳುತ್ತಿದ್ದದ್ದೇ.

ಮಿರ್ಚಿ ತಿನ್ನುತ್ತಾ ಕಡಲಿನ ವಿಷಯ ಹೇಳಿದೆ. ಈಜು ಬರುವುದಿಲ್ಲ ಅಂತಲೂ ಹೇಳಿಬಿಟ್ಟೆ. ಅವರ ಮುಂದೆ ಸುಳ್ಳು ಹೇಳಲು ಅವಾಗಲೂ ಬರುತ್ತಿರಲಿಲ್ಲ.

"ನನ್ನ ಗದ್ಯಾಗ ದೊಡ್ಡ ಬಾವಿ ಐತಿ, ಮೆಟ್ಲು ಅದಾವ. ದಿನಾ ಬೆಳಿಗ್ಗಿ ನಾನು ಅದರಾಗ ಈಜತೀನಿ. ಮುಂದಿನ ಐತವಾರ ಬಾ."

"ಟೀಚರ್, ನಾವು..." ಅಂದೆ.

"ನೀವು ಏನಂತ ನನಗ ಗೊತ್ತೈತಿ. ನಿಮ್ಮಪ್ಪನ ಕೈಲೆ ಸಾಲಿ ಕಾಂಪೌಂಡ್ ಕಟ್ಟಿಸಿದೋಳು ನಾನು. ಬಾ ಅಂದೀನಿ, ಬಾ. ಲೇಟಾದ್ರ ಗ್ರೌಂಡ್ ರೌಂಡ್ ಹೊಡಸ್ತೀನಿ."

ಜನವರಿ 26, ಭಾನುವಾರ

ಬಸ್ಸಿನ ಕಿಟಕಿಯ ಆಚೆ ಎಲ್ಲಿ ನೋಡಿದರೂ ಭತ್ತದ ನಾಟಿ. ಕಾಲುವೆಯ ನೀರು ಸಿರುಗುಪ್ಪದವರಿಗೆ ಸಿಕ್ಕಷ್ಟು ಇನ್ನಾರಿಗೂ ಸಿಕ್ಕಿಲ್ಲ.

ಬಾವಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಚೌಕಾಕಾರ, ಕಲ್ಲಿನ ಗೋಡೆ, ಒಂದು ಬದಿಯಲ್ಲಿ ಅಗಲ ಮೆಟ್ಟಿಲು, ಸುತ್ತ ಗೇಟಿರುವ ತಂತಿಬೇಲಿ, ಬೇಲಿಯಾಚೆ ಪಂಪಿನ ಮನೆ. ನೀರು ಕಡು ಹಸಿರು. ಟೀಚರ್ ಸೀರೆ ಬಿಚ್ಚಿಟ್ಟು ನೈಟ್ ಪ್ಯಾಂಟು, ಗಂಡನ ಹಳೆಯ ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಇಳಿದರು. ನನ್ನ ಸೊಂಟಕ್ಕೆ ಖಾಲಿ ಎಣ್ಣೆ ಕ್ಯಾನು ಕಟ್ಟಿ, ಅದಕ್ಕೊಂದು ಹಗ್ಗ ಬಿಗಿದು, ತುದಿಯನ್ನು ತಾವು ಹಿಡಿದರು.

ಮೂರನೆಯ ಮೆಟ್ಟಿಲಿನವರೆಗೆ ಹೋದೆ. ಅಲ್ಲೇ ಕೂತೆ. ಟೀಚರ್ ಬೈಯಲಿಲ್ಲ. "ಇವತ್ತು ಕೂಡು. ನೀರು ನಿನ್ನ ನೋಡ್ಲಿ," ಅಂದರು.

ವಾಪಸ್ ಬರುವಾಗ ಅವರ ಮೈದುನ ಜಂಬಣ್ಣ ಎದುರಾದ. ಅತ್ತಿಗೆಯ ಗದ್ದೆಯನ್ನೂ ಅವನೇ ನೋಡಿಕೊಳ್ಳುತ್ತಾನೆ. "ಟೀಚರ್ ಶಿಷ್ಯಳೇನವ್ವಾ? ಬರ್ರಿ, ಚಹಾ ಕುಡಕಂಡ ಹೋಗ್ರಿ," ಅಂತ ಕರೆದ. ಒಳ್ಳೆಯ ಮನುಷ್ಯ.

ಫೆಬ್ರವರಿ 2, ಭಾನುವಾರ

ಕ್ಯಾನಿನ ಮೇಲೆ ತೇಲಿದೆ. ಟೀಚರ್ ಇನ್ನೂ ಹಗ್ಗ ಬಿಟ್ಟಿಲ್ಲ. ಕಿವಿಗೆ ನೀರು ಹೋಗಿ ಈಗಲೂ ಗುಂಯ್ ಅನ್ನುತ್ತಿದೆ.

ಫೆಬ್ರವರಿ 5, ಬುಧವಾರ

ಭಾನುವಾರದ ಜೊತೆ ಬುಧವಾರವೂ ರಜೆ ಸಿಗುವ ಹಾಗೆ ಪಾಳಿ ಬದಲಾಯಿಸಿಕೊಂಡೆ. ಎರಡು ಸಲ ಹೋಗಬಹುದು. ಕಾಲು ಬಡಿಯುವುದು ಬಂತು. ಕೈಗೂ ಕಾಲಿಗೂ ಇನ್ನೂ ಮಾತುಕತೆಯಿಲ್ಲ. ಟೀಚರ್ ದಂಡೆಯ ಮೇಲೆ ಸೀಟಿ ಊದುತ್ತಾರೆ, ಗದ್ದೆಯ ಕೊಕ್ಕರೆಗಳೆಲ್ಲ ಹಾರಿಹೋಗುತ್ತವೆ.

ಫೆಬ್ರವರಿ 9, ಭಾನುವಾರ

ಕುರುಗೋಡಿಗೆ ಹೋಗಿ ಕಡಲಿನ ಕೆಲಸ, ಟೀಚರ್ ಬಾವಿ ಎರಡನ್ನೂ ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀರಿನ ಜತಿ ಆಟ ಬ್ಯಾಡವ್ವ. ಹತ್ತೋದು ಆತು, ಈಗ ಮುಳುಗೋದೊಂದು ಬೇಕಾಗಿತ್ತಾ?"

"ಮುಳುಗಾಕಲ್ಲವ್ವ, ಈಜಾಕ."

"ಎಲ್ಡೂ ಒಂದ! ನಮ್ಮಂಥವರಿಗೆ ಯಾಕ ಬೇಕದು?"

ಅಪ್ಪ ಊಟದ ಮೇಲೆ ಅಂಗಳದಲ್ಲಿ ನನ್ನ ಹತ್ತಿರ ಬಂದು, "ಬಾವಿ ಎಷ್ಟು ಆಳ ಐತಿ?" ಅಂತ ಕೇಳಿದ. ಗೊತ್ತಿಲ್ಲ ಅಂದೆ.

ಅಪ್ಪ ವಯಸ್ಸಿನಲ್ಲಿ ಬಾವಿ ತೋಡುವ ಕೆಲಸಕ್ಕೆ ಹೋಗುತ್ತಿದ್ದ. ಬಂಡೆಗೆ ಉಳಿ ಹೊಡೆದು ಸುತ್ತಮುತ್ತ ಎಷ್ಟೋ ಬಾವಿ ಇಳಿಸಿದ್ದಾನೆ. ಅಷ್ಟು ಬಾವಿ ತೋಡಿದವನಿಗೆ ಈಜು ಯಾಕೆ ಬರುವುದಿಲ್ಲ ಅಂತ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ.

"ನೀರಿಲ್ಲದ ಬಾವ್ಯಾಗ ಮಾತ್ರ ನಾನು ಇಳದೀನಿ," ಅಂದ. "ನೀರು ಬಿದ್ದ ಕೂಡ್ಲೇ ಪೂಜಿ ಮಾಡ್ತಿದ್ರು. ಪೂಜಿ ಆದ ಮ್ಯಾಲೆ ನಾವು ದಂಡಿ ಹತ್ರನೂ ಹೋಗಂಗಿರಲಿಲ್ಲ. ನಮ್ಮ ದೋಸ್ತ ಒಬ್ಬ ಒಂದಿನ ಇಳದಿದ್ದ. ಅವನ್ನ ಮ್ಯಾಲೆ ಬರಗೊಡ್ಲಿಲ್ಲ, ಕಲ್ಲು ಒಗದ್ರು. ಕೈ ಮುಗದು ಮುಗದು ಸಂಜಿತನ ನೀರಾಗ ನಿಂತಿದ್ದ."

ಆಮೇಲೆ ಎದ್ದು ಎಮ್ಮೆಗೆ ಮೇವು ಹಾಕಲು ಹೋದ.

ಫೆಬ್ರವರಿ 12, ಬುಧವಾರ

ಬಾವಿಗೆ ಹೋಗಲಿಲ್ಲ. ಮೈ ಬಿಸಿಯಿತ್ತು. ಇರಲಿಲ್ಲವೇನೋ.

ಫೆಬ್ರವರಿ 16, ಭಾನುವಾರ

ಕೂದಲು ಇನ್ನೂ ಒದ್ದೆ, ಹಾಳೆಯ ಮೇಲೆ ಹನಿ ಬೀಳುತ್ತಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬಾವಿಯ ಹತ್ತಿರ ಜಂಬಣ್ಣ ಮೊದಲೇ ಬಂದು ನಿಂತಿದ್ದ. ನಾನು ಸೊಂಟಕ್ಕೆ ಕ್ಯಾನು ಕಟ್ಟಿಕೊಳ್ಳುತ್ತಿದ್ದೆ.

"ಕುರುಗೋಡ್ನ್ಯಾಗ ಯಾವ ಓಣಿ ನೀವು?" ಅಂದ. ಚಹಾಕ್ಕೆ ಕರೆದ ದನಿ ಇರಲಿಲ್ಲ. ಯಾರಿಂದಲೋ ಕೇಳಿಕೊಂಡೇ ಬಂದಿದ್ದ.

ಬಸ್ ಸ್ಟ್ಯಾಂಡು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿ, ನಮ್ಮ ಓಣಿಯ ಹೆಸರು ಹೇಳಿದೆ. ಭೀಮರಾಜನ ಮಗಳು ಅಂದೆ.

"ನನಗೇನಿಲ್ಲವ್ವ. ಕಾಲ ಬದಲಾಗೈತಿ, ನಾನೂ ಓದಿದೋನ. ಆದ್ರ ಊರಾಗ ಮಂದಿ ಕೇಳ್ತಾರ. ಇದ ನೀರು ದೇವ್ರ ಪೂಜಿಗೆ ಒಯ್ತೀವಿ. ನೀವು ಸ್ವಲ್ಪ ತಿಳಕಬೇಕು."

ಟೀಚರ್ ಬಾಯಿ ತೆರೆದರು. ಅವರಿಗಿಂತ ಮೊದಲು ನಾನೇ ಮಾತಾಡಿದೆ.

"ಅಣ್ಣಾರ, ಈ ಬಾವಿ ತೋಡಿದೋರು ಯಾರ್ರಿ?"

"ಯಾರೋ... ನಮ್ಮಜ್ಜನ ಕಾಲದಾಗ. ಕೂಲಿಯೋರು."

"ಅವರ ಬೆವರು ಮೊದ್ಲು ಬಿದ್ದೈತ್ರಿ ಇದರಾಗ. ನೀರು ಆಮ್ಯಾಲೆ ಬಂದೈತಿ. ಪೂಜಿಗೆ ಒಯ್ಯುವಾಗ ಅದೂ ಬರತೈತಿ, ಗೊತ್ತಿರ್ಲಿ."

ಕ್ಯಾನಿನ ಗಂಟು ಇನ್ನೂ ಬಿಗಿದಿರಲಿಲ್ಲ, ಅದನ್ನು ಕೆಳಗೆ ಹಾಕಿದೆ. ಮೆಟ್ಟಿಲ ಕಡೆ ಹೋಗಲಿಲ್ಲ. ಅಲ್ಲೇ, ದಂಡೆಯ ಮೇಲಿಂದಲೇ ಹಾರಿದೆ.

ಕಿವಿ ಮುಚ್ಚಿತು. ಎಲ್ಲ ಹಸಿರು. ಕೆಳಗೆ ತಣ್ಣಗೆ, ಇನ್ನೂ ಕೆಳಗೆ. ಈಗ ಸತ್ತೆ ಅಂದುಕೊಂಡೆ. ಆಮೇಲೆ ನೀರು ನನ್ನನ್ನು ತಾನೇ ಮೇಲಕ್ಕೆ ಎತ್ತಿ ಕೊಟ್ಟಿತು. ಉಸಿರು ಎಳೆದುಕೊಂಡೆ. ಟೀಚರ್ ಸೀಟಿ ಒಂದೇ ಸಮನೆ ಕೂಗುತ್ತಿತ್ತು. "ಕಾಲು! ಕಾಲು ಬಡಿಯೇ!" ಬಡಿದೆ. ಕೈ ಎತ್ತಿ ಹಾಕಿದೆ. ಎದುರುಗೋಡೆಯ ಕಲ್ಲು ಬೆರಳಿಗೆ ತಗುಲಿದಾಗ ತಿರುಗಿ ನೋಡಿದರೆ ಜಂಬಣ್ಣ ಇರಲಿಲ್ಲ.

ಟೀಚರ್ ಮೆಟ್ಟಿಲ ಮೇಲೆ ಕೂತು ಅಳುತ್ತಾ ಬೈಯುತ್ತಿದ್ದರು. "ಕ್ಯಾನು ಬಿಚ್ಚಂತ ಯಾರು ಹೇಳಿದ್ರಲೇ ನಿನಗ? ನನ್ನ ಜೀವ ಹೋಗಿ ಬಂತು!"

ಇನ್ನೂ ಎಡಗೈ ಸರಿಯಾಗಿ ಬೀಸುತ್ತಿಲ್ಲ. ಅದನ್ನು ತಿದ್ದಿಕೊಳ್ಳಬೇಕು.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಗೋಡೆಗೆ ಮೊಳೆ ಹೊಡೆದೆ. ಸುಣ್ಣ ಅಷ್ಟೇನೂ ಉದುರಲಿಲ್ಲ. ಮನೆಯೊಡತಿ ಬಾಗಿಲಲ್ಲಿ ನಿಂತು ಫೋಟೋ ನೋಡಿದರು. "ಸ್ವಲ್ಪ ಸೊಟ್ಟ ಆಗೈತಿ ನೋಡು," ಅಂದರು. ಸರಿಮಾಡಿದೆ. ಕೆಲಸಕ್ಕೆ ತಡವಾಯಿತು.

ಪ್ರದೀಪ ಸರ್‌ಗೆ ಹೇಳಿಬಿಟ್ಟೆ, ಅವತ್ತು ಈಜು ಬರುತ್ತಿರಲಿಲ್ಲ, ಈಗ ಕಲಿಯುತ್ತಿದ್ದೇನೆ ಅಂತ. "ಗೊತ್ತಿತ್ತು ಬಿಡ್ರಿ," ಅಂದರು. "ನಿಮ್ಮ ಮಾರಿ ಮ್ಯಾಲೇ ಬರದಿತ್ತು. ಬಿಟ್ಟು ಹೋಗ್ತೀರೇನೋ ಅಂತ ಕಾಯಾಕತ್ತಿದ್ದೆ."

ಫೆಬ್ರವರಿ 23, ಭಾನುವಾರ

ಬಾವಿಯ ಗೇಟಿಗೆ ಹೊಸ ಬೀಗ. ಟೀಚರ್ ಅದನ್ನು ಕೈಯಲ್ಲಿ ತೂಗಿ ನೋಡಿ ಪಂಪಿನ ಮನೆಗೆ ಹೋದರು. ಹಾರೆ ತಂದರು. ಜಿಲ್ಲಾಮಟ್ಟದಲ್ಲಿ ಗುಂಡು ಎಸೆದು ಗೆದ್ದವರು. ಎರಡೇ ಏಟು!

"ಗದ್ದಿ ನನ್ನ ಹೆಸರಿಲೆ ಐತಿ. ಬಾವಿ ನಂದು," ಅಂತ ಬದುವಿನ ಮೇಲೆ ನಿಂತಿದ್ದ ಆಳುಗಳಿಗೆಲ್ಲ ಕೇಳುವ ಹಾಗೆ ಹೇಳಿದರು. "ಜಂಬಣ್ಣಗ ಹೇಳ್ರಿ, ಬೀಗ ತರೋದಾದ್ರ ಗಟ್ಟಿದು ತರಬೇಕಂತ."

ಬಾವಿಯನ್ನು ಉದ್ದಕ್ಕೂ ಅಡ್ಡಕ್ಕೂ ದಾಟಿದೆ. ಸಾಕಾಗುವವರೆಗೆ.

ಮಾರ್ಚ್ 2, ಭಾನುವಾರ

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. "ನಾನೂ ಬರ್ತೀನಿ," ಅಂದ. ಹಾದಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಾ ಕೂತ.

ಬಾವಿಯ ಗೋಡೆಯನ್ನು ಕೈಯಿಂದ ಸವರಿ ನೋಡಿದ. ಯಾವ ಕಲ್ಲಿಗೆ ಸಿಡಿಮದ್ದು ಇಟ್ಟಿದ್ದಾರೆ, ಯಾವುದನ್ನು ಉಳಿಯಿಂದಲೇ ತೆಗೆದಿದ್ದಾರೆ ಅಂತ ಟೀಚರ್‌ಗೆ ತೋರಿಸಿದ. ನಾನು ನೀರಿಗೆ ಹಾರಿದಾಗ ಮಾತ್ರ ಮುಖ ಆಚೆ ತಿರುಗಿಸಿಕೊಂಡ. ತೇಲಿ ಬಂದು, "ಅಪ್ಪಾ, ನೋಡು," ಅಂತ ಕೂಗಿದೆ. ನೋಡಿದ.

ಆಮೇಲೆ ಮೆಟ್ಟಿಲು ಇಳಿದು, ಪಂಚೆ ಎತ್ತಿ ಕಾಲು ನೀರಿಗಿಟ್ಟ. ಒಂದು ಮೆಟ್ಟಿಲು. ಇನ್ನೊಂದು. ಸೊಂಟದವರೆಗೆ ಬಂದು ನಿಂತ. ಎರಡೂ ಅಂಗೈ ನೀರಿನ ಮೇಲಿಟ್ಟು ಕಣ್ಣು ಮುಚ್ಚಿದ. ಟೀಚರ್ ಸೀಟಿ ಬಾಯಿಗಿಟ್ಟವರು ಊದಲಿಲ್ಲ.

"ತಣ್ಣಗೈತಿ," ಅಂದ ಅಪ್ಪ. "ನೀರಿರೋ ಬಾವಿ ತಣ್ಣಗಿರತೈತಿ."

ಬಸ್ಸಿನಲ್ಲಿ ವಾಪಸ್ ಬರುವಾಗ ಒದ್ದೆ ಪಂಚೆಯಲ್ಲೇ ನಿದ್ದೆಹೋದ. ನಾನು ಕಿಟಕಿ ಮುಚ್ಚಿದೆ.

ಮಾರ್ಚ್ 16, ಭಾನುವಾರ

ನಮ್ಮ ಓಣಿಯಿಂದ ಮೀನಾ ಮತ್ತು ಪಕ್ಕೀರಮ್ಮ ಜೊತೆಗೆ ಬಂದಿದ್ದರು, ಕಲಿಯಬೇಕಂತೆ. ಟೀಚರ್ ಒಬ್ಬರೇ ಎಷ್ಟು ಜನರನ್ನು ಹಿಡಿಯಲು ಸಾಧ್ಯ? ಪಕ್ಕೀರಮ್ಮನ ಹಗ್ಗ ನಾನು ಹಿಡಿದೆ. ಮೂರನೆಯ ಮೆಟ್ಟಿಲಲ್ಲಿ ಕೂತುಬಿಟ್ಟಳು. ಇವತ್ತು ಕೂಡು ಅಂದೆ.

ಹೊರಡುವಾಗ ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಗೇಟಿನ ಹತ್ತಿರ ಕಾಯುತ್ತಿದ್ದಳು. "ಅಕ್ಕಾ, ನಾನು ನಂದಿನಿ, ಜಂಬಣ್ಣನ ಮಗಳು. ನನಗೂ ಕಲಿಸ್ತೀರೇನು?"

"ನಿಮ್ಮಪ್ಪ?"

"ದೊಡ್ಡಮ್ಮ ಇರ್ತಾಳಲ್ಲ, ಅಂದೀನಿ. ಎಲ್ಡು ದಿನ ಮಾತಾಡ್ಲಿಲ್ಲ. ಇವತ್ತು ಮುಂಜಾನಿ ಖಾಲಿ ಕ್ಯಾನು ತಂದು ಕಟ್ಟಿ ಮ್ಯಾಲಿಟ್ಟು ಹೋದ."

ಬುಧವಾರ ಬಾ ಅಂದೆ. ತಡ ಮಾಡಿದರೆ ರೌಂಡ್ ಹೊಡೆಸುತ್ತೇನೆ ಅಂತಲೂ ಹೇಳಿದೆ.

ಮಾರ್ಚ್ 26, ಬುಧವಾರ, ಚೆನ್ನೈ ಹತ್ತಿರ

ನಾಳೆಯಿಂದ ತರಬೇತಿ. ಬೇರೆ ಬೇರೆ ಸೈಟುಗಳಿಂದ ಬಂದವರ ಪೈಕಿ ನಾನೊಬ್ಬಳೇ ಹೆಂಗಸು. ಕ್ಯಾಂಟೀನಿನ ಸಾಂಬಾರು ಸಪ್ಪೆ.

ಮಾರ್ಚ್ 28, ಶುಕ್ರವಾರ

ಕಬ್ಬಿಣದ ಪಂಜರದಲ್ಲಿ ಕುರ್ಚಿಗೆ ಬೆಲ್ಟಿನಿಂದ ಬಿಗಿಯುತ್ತಾರೆ. ಪಂಜರ ನೀರಿಗಿಳಿದು, ಮುಳುಗಿ, ತಲೆಕೆಳಗಾಗುತ್ತದೆ. ದೋಣಿ ಮಗುಚಿದರೆ ಹೊರಬರುವುದನ್ನು ಕಲಿಸುವ ಪರೀಕ್ಷೆ. ಪೂರ್ತಿ ತಿರುಗಿ ನಿಂತ ಮೇಲೆ ಬೆಲ್ಟು ಬಿಚ್ಚಿ, ಕಿಟಕಿ ತಳ್ಳಿ ಈಚೆ ಬರಬೇಕು.

ನಾನು ಬೇಗ ಬಿಚ್ಚಿದೆ. ದಿಕ್ಕು ತಪ್ಪಿತು. ಮೇಲೆ ಯಾವುದು, ಕೆಳಗೆ ಯಾವುದು ಗೊತ್ತಾಗಲಿಲ್ಲ. ಕೈಗೆ ಸಿಕ್ಕಿದ್ದು ಕಿಟಕಿಯಲ್ಲ, ಯಾರದೋ ಬೂಟು. ನೀರಿನೊಳಗೆ ಕಾಯುತ್ತಿದ್ದ ಮುಳುಗುಗಾರ ಹೊರಗೆಳೆದ. ಫೇಲು. ನಾಳೆ ಇನ್ನೊಂದೇ ಅವಕಾಶ.

ಟೀಚರ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಅಲ್ಲಲೇ ಹುಡುಗಿ, ಅವತ್ತು ದಂಡಿ ಮ್ಯಾಲಿಂದ ಹಾರಿದಾಗ ನೀನ ಮ್ಯಾಲೆ ಬಂದಿಯಾ, ನೀರು ತಂತಾ?" ಅಂತ ಕೇಳಿದರು.

"ನೀರು ತಂತ್ರಿ."

"ಮತ್ಯಾಕ ಗಡಬಿಡಿ ಮಾಡ್ತಿ? ಅದರ ಕೆಲಸ ಅದಕ್ಕ ಮಾಡಗೊಡು. ಊಟ ಮಾಡಿ ಮಲಗು."

ಮಾರ್ಚ್ 29, ಶನಿವಾರ

ಪಾಸು!

ಪಂಜರ ತಿರುಗಿತು. ಮೂಗಿನೊಳಗೆ ನೀರು ನುಗ್ಗಿತು. ಸುಮ್ಮನೆ ಕೂತೆ. ನೀರು ಅಲುಗಾಡುವುದು ನಿಂತಿತು, ಗುಳ್ಳೆಗಳು ಯಾವ ಕಡೆ ಹೋಗುತ್ತಿವೆ ಅಂತ ಕಂಡಿತು. ಕಿಟಕಿಯ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬೆಲ್ಟು ಬಿಚ್ಚಿದೆ, ತಳ್ಳಿದೆ, ಗುಳ್ಳೆಗಳ ಹಿಂದೆಯೇ ಹೋದೆ. ಮೇಲೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ, ಯಾರಿಗೆ ಅಂತ ಗೊತ್ತಿಲ್ಲದೆ.

ಅಪ್ಪನಿಗೆ ಹೇಳಿದರೆ ಫೋನನ್ನು ಸ್ಪೀಕರಿಗೆ ಹಾಕಿ ಇಡೀ ಓಣಿಗೆ ಕೇಳಿಸಿದ. ಅವ್ವ ಮಾತ್ರ, "ಉಂಡೇನು?" ಅಂದಳು.

ಏಪ್ರಿಲ್ 17, ಗುರುವಾರ, ತೂತ್ತುಕುಡಿ

ಇವತ್ತು ಕಂಬ ಹತ್ತಿದೆ.

ಕತ್ತಲಿರುವಾಗಲೇ ದೋಣಿ ಹೊರಟಿತು. ದಂಡೆ ಕಾಣದಾದಾಗ ಎರಡು ಸಲ ವಾಂತಿ ಮಾಡಿಕೊಂಡೆ. ಆಮೇಲೆ ಸೂರ್ಯ ಬಂದ, ಕಂಬ ಕಂಡಿತು. ನೀಲಿಯ ನಡುವೆ ಹಳದಿ ಕಾಲು ಊರಿ ಒಂಟಿಯಾಗಿ ನಿಂತಿದೆ. ದೋಣಿ ಅಲೆಯ ಮೇಲೆ ಏರಿ ಇಳಿಯುತ್ತದೆ, ಏರಿದ ಗಳಿಗೆಯಲ್ಲೇ ಏಣಿಗೆ ಕಾಲು ಹಾಕಬೇಕು. ನನ್ನ ಹಿಂದಿದ್ದ ತಿರುನೆಲ್ವೇಲಿಯ ಹುಡುಗ, "ಅಕ್ಕಾ, ಭಯ ಇಲ್ಲೈಯಾ?" ಅಂದ. ಕೆಳಗಿದ್ದ ನೀರನ್ನು ನೋಡಿದೆ. ಬಿದ್ದರೆ ಒದ್ದೆಯಾಗುತ್ತೇನೆ ಅನ್ನಿಸಿತು, ಅಷ್ಟೇ. ಕಾಲು ಹಾಕಿದೆ.

ಮೇಲೆ ಗಾಳಿ! ಕುರುಗೋಡಿನ ಗಾಳಿ ಬಂದು ಹೋಗುತ್ತದೆ, ದಮ್ಮು ತೆಗೆದುಕೊಳ್ಳುತ್ತದೆ. ಇದಕ್ಕೆ ನಿಲುಗಡೆಯಿಲ್ಲ, ಒಂದೇ ಕೈಯಿಂದ ಬೆನ್ನನ್ನು ಒತ್ತಿ ಹಿಡಿದ ಹಾಗೆ. ಯಂತ್ರ ಕೂರಿಸಿ ಬೋಲ್ಟು ಬಿಗಿದೆ. ಅದರ ಪುಟ್ಟ ಬಟ್ಟಲುಗಳು ಗಾಳಿಗೆ ತಿರುಗತೊಡಗಿದವು. ಕೆಳಗೆ ದೋಣಿಯಲ್ಲಿ ಪ್ರದೀಪ ಸರ್ ವಾಕಿಟಾಕಿಯಲ್ಲಿ ಮೊದಲ ಅಳತೆ ಓದಿದರು. ಮತ್ತೊಮ್ಮೆ ಓದಿದರು.

"ನೇತ್ರಾ, ನಮ್ಮ ಗುಡ್ಡದ ಗಾಳಿ ಇದರ ಮುಂದ ಏನೂ ಅಲ್ರೀ!"

ಇಲ್ಲಿ ಫ್ಯಾನುಗಳು ಬಂದೇ ಬರುತ್ತವೆ. ನಾನೂ ಹತ್ತುತ್ತೇನೆ. ಸರ್ ಕೇಳಿದರು, ಇಲ್ಲೇ ಎರಡು ವರ್ಷ ಇದ್ದು, ಹೊಸಬರಿಗೆ ಹತ್ತುವುದನ್ನೂ ಈಜುವುದನ್ನೂ ಕಲಿಸುತ್ತೀರಾ ಅಂತ. ಹೂಂ ಅಂದೆ. ಯೋಚಿಸಿ ಹೇಳುತ್ತೇನೆ ಅನ್ನಬಹುದಿತ್ತು, ನೆನಪಾಗಲಿಲ್ಲ.

ಮೇ 11, ಭಾನುವಾರ

ಅಪ್ಪ ಅವ್ವ ನಿನ್ನೆ ಬಂದರು. ರೈಲಿನಲ್ಲಿ ಅವ್ವ ಇಡೀ ದಾರಿ ಜಗಳವಾಡಿದಳಂತೆ, ಕಡಲು ನೋಡಲು ಬರುತ್ತಿಲ್ಲ, ಮಗಳನ್ನು ನೋಡಲು ಬರುತ್ತಿದ್ದೇನೆ ಅಂತ.

ಬೆಳಿಗ್ಗೆ ದಂಡೆಗೆ ಕರೆದುಕೊಂಡು ಹೋದೆ. ಅಪ್ಪ ಲುಂಗಿ ಎತ್ತಿ ಕಟ್ಟಿ ಮೆಲ್ಲಗೆ ಇಳಿದ, ಅಂಗೈ ನೀರಿನ ಮೇಲಿಟ್ಟ. ಅವ್ವ ಒಣ ಮರಳಿನಲ್ಲಿ ಚಪ್ಪಲಿ ಕಾಯುತ್ತಾ ಕೂತಳು. ನಾನು ದೋಣಿಯ ಹೊತ್ತಾಯಿತು ಅಂತ ಬ್ಯಾಗು ಹಿಡಿದು ಎದ್ದೆ. ತಿರುಗಿ ನೋಡುವಷ್ಟರಲ್ಲಿ ಚಪ್ಪಲಿಗಳ ಹತ್ತಿರ ಯಾರೂ ಇರಲಿಲ್ಲ.

ಅವ್ವ ಸೀರೆ ಮೇಲೆ ಕಟ್ಟಿ ನೀರಿನಲ್ಲಿ ನಿಂತಿದ್ದಳು. ಒಂದು ಅಲೆ ಬಂದು ಅವಳನ್ನು ಕೆಡವಿತು. ಓಡಿದೆ. ನಾನು ತಲುಪುವ ಮೊದಲೇ ಎದ್ದು ನಿಂತು, ಬಾಯಿಗೆ ಹೋದ ನೀರು ಉಗುಳಿ, "ಉಪ್ಪು!" ಅಂತ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸಾಕು ಬಾರವ್ವ," ಅಂತ ಕೈ ಹಿಡಿದೆ.

ಕೈ ಬಿಡಿಸಿಕೊಂಡಳು. "ನೀ ಹೋಗ. ನಿನಗ ಡ್ಯೂಟಿ ಐತಿ," ಅಂದು ಮುಂದಿನ ಅಲೆಗೆ ಎದುರಾಗಿ ನಡೆದಳು.